ಮೂರೆಲೆಯ ಹೂವಿನ ಬೆಟ್ಟಗಳಲ್ಲಿ

ನಾವು ಮಠದ ಪಾಠಶಾಲೆಯಲ್ಲಿ ವಿದ್ಯಾರ್ಥಿಗಳಾಗಿದ್ದ ಕಾಲದಲ್ಲಿ ನಮ್ಮ ಪಾಲಿಗೆ ಬಂದಿದ್ದ ಕಾಯಕವೆಂದರೆ ಹೂ-ಪತ್ರೆ ತರುವುದು. ನಸುಕಿನಲ್ಲಿಯೇ ಎದ್ದು, ಸ್ನಾನ ಮುಗಿಸಿ, ಬಿದಿರಿನ ಬುಟ್ಟಿ ಹಿಡಿದು ಹಿತ್ತಲಿಗೆ ಇಳಿದರೆ ಮೊದಲು ಕಣಗಿಲೆ, ಆಮೇಲೆ ದಾಸವಾಳ, ನಂದಿಬಟ್ಟಲು, ಬೇಲಿಯಂಚಿನ ತುಂಬೆ, ಕಟ್ಟಕಡೆಗೆ ಬಿಲ್ವದ ಮರ. ಹಿರಿಯ ಸ್ವಾಮಿಗಳು ಇದಕ್ಕೆಂದೇ ಕೆಲವು ಕಟ್ಟಳೆಗಳನ್ನು ಹಾಕಿಕೊಟ್ಟಿದ್ದರು. ಮೊಗ್ಗನ್ನು ಮುಟ್ಟಕೂಡದು, ರೆಂಬೆ ಮುರಿಯಕೂಡದು, ಗಿಡದ ಪಾಲೆಂದು ಒಂದೆರಡು ಹೂಗಳನ್ನು ಬಿಟ್ಟೇ ಬರಬೇಕು, ನೆಲಕ್ಕೆ ಬಿದ್ದುದನ್ನು ಎತ್ತಕೂಡದು, ಪಾರಿಜಾತವೊಂದನ್ನು ಉಳಿದು. ಈ ಕಟ್ಟಳೆಗಳನ್ನು ಐವತ್ತು ವರ್ಷಗಳಿಗೂ ಮಿಗಿಲಾಗಿ ಪಾಲಿಸಿಕೊಂಡು ಬಂದ ನಮಗೆ, ಹೂ ಎತ್ತುವ ವಿದ್ಯೆಯಲ್ಲಿ ಇನ್ನು ಕಲಿಯತಕ್ಕದ್ದು ಏನೂ ಇಲ್ಲವೆಂಬ ಅಭಿಮಾನವಿತ್ತು. ಆ ಅಭಿಮಾನವು ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ ಒಂದೇ ಸಂಜೆಯಲ್ಲಿ ಇಳಿದುಹೋಯಿತು. ಅದನ್ನು ವಾಚಕ ಬಂಧುಗಳ ಮುಂದೆ ನಿವೇದಿಸಿಕೊಳ್ಳಬೇಕೆಂದೇ ಈ ಬರಹಕ್ಕೆ ಕೈಹಾಕಿದ್ದೇವೆ.

೨೦೨೪ರ ಮಾರ್ಚ್ ಕೊನೆಯ ವಾರದಲ್ಲಿ ನಾವೂ ನಮ್ಮ ಮನೆಯವರೂ ನಾಕ್ಸ್‌ವಿಲ್ ನಗರದ ಹೊರವಲಯದಲ್ಲಿರುವ ಮಗಳ ಮನೆಗೆ ಹೋಗಿ ಇಳಿದೆವು. ಆ ನಾಡಿನಲ್ಲಿ ಅದು ಚಳಿಗಾಲ ಕಳೆದು ವಸಂತವು ಕಾಲಿಡುವ ಹೊತ್ತು. ಮನೆಯ ಹಿಂಬದಿಗೆ ಒಂದು ಇಳಿಜಾರು, ಅದರ ತುಂಬ ಎತ್ತರದ ಮರಗಳು. ಒಂದರ ಮೈಮೇಲೂ ಎಲೆಯಿಲ್ಲ. ಕಾಷ್ಠದಂತೆ ನಿಂತ ಆ ಮರಗಳ ಬುಡದಲ್ಲಿ ಹಳೆಯ ತರಗೆಲೆಗಳ ಹಾಸು. ಮೊದಲ ಎರಡು ವಾರ ಪೂಜೆಗೆ ಮಗಳು ಅಂಗಡಿಯಿಂದ ಗುಲಾಬಿಗಳನ್ನು ತಂದಿಟ್ಟಳು. ಅವು ಕೊಲಂಬಿಯಾ ದೇಶದಲ್ಲಿ ಬೆಳೆದು ವಿಮಾನವೇರಿ ಬಂದ ಹೂಗಳೆಂದು ಕಾಗದದ ಹೊದಿಕೆಯ ಮೇಲೆ ಅಚ್ಚಾಗಿತ್ತು. ನಮ್ಮಂತೆಯೇ ಸಮುದ್ರ ದಾಟಿ ಬಂದ ಆ ಹೂಗಳಲ್ಲಿ ಪರಿಮಳವೆಂಬುದು ಹೆಸರಿಗೂ ಇರಲಿಲ್ಲ.

ಏಪ್ರಿಲ್ ೯ರಂದು ಯುಗಾದಿ. ಬೇವಿನ ಹೂವನ್ನು ಊರಿನಿಂದಲೇ ಒಣಗಿಸಿ ತಂದಿದ್ದೆವು. ಹಬ್ಬದ ದಿನವಾದರೂ ತಾಜಾ ಹೂ ಸಿಗಬಾರದೇ ಎಂದು ಬೆಳಗಿನಲ್ಲಿ ಇಳಿಜಾರಿಗೆ ಇಳಿದೆವು. ನಾಲ್ಕು ಹೆಜ್ಜೆ ಹೋದಲ್ಲಿ ತರಗೆಲೆಗಳ ನಡುವಿನಿಂದ ಗೇಣುದ್ದದ ಒಂಟಿ ದಂಟೊಂದು ಮೇಲೆದ್ದಿತ್ತು. ತುದಿಯಲ್ಲಿ ಒಂದೇ ಸುತ್ತಿನಲ್ಲಿ ಮೂರು ಅಗಲವಾದ ಎಲೆಗಳು. ಅವುಗಳ ಮೇಲೆ ಹಾವಿನ ಮೈಯಂತೆ ತಿಳಿಹಸುರು ಕಡುಹಸುರಿನ ಮಚ್ಚೆಗಳು. ಮೂರೂ ಎಲೆಗಳು ಕೂಡುವ ನಟ್ಟನಡುವೆ, ತೊಟ್ಟೇ ಇಲ್ಲದೆ ನೆಟ್ಟಗೆ ನಿಂತ ಮೂರು ಕೆಂಗಂದು ದಳಗಳು. ಸುತ್ತ ನೋಡಿದರೆ ಅಂಥವು ಹತ್ತಾರು. ಬಿಲ್ವವಿಲ್ಲದ ನಾಡಿನಲ್ಲಿ ತ್ರಿದಳವೇ ಹೂವಾಗಿ ಎದುರುನಿಂತಿತೆಂದು ನಮಗಾದ ಹಿಗ್ಗು ಅಷ್ಟಿಷ್ಟಲ್ಲ. ಉಳಿದವುಗಳನ್ನು ಗಿಡದ ಪಾಲಿಗೆ ಬಿಟ್ಟು, ಕಟ್ಟಳೆಯಂತೆ ಮೂರನ್ನು ಮಾತ್ರ ಎಲೆಸಹಿತ ಕಿತ್ತು ತಂದು ಪೂಜೆಗಿಟ್ಟೆವು. ಎಂಟು ವರ್ಷದ ಮೊಮ್ಮಗಳು ಪಕ್ಕದಲ್ಲಿ ಕುಳಿತು ಎಲೆ ಮೂರು, ದಳ ಮೂರು ಎಂದು ಬೆರಳು ಮಡಚಿ ಎಣಿಸಿದಳು.

ಸಂಜೆ ಅಳಿಯಂದಿರು ಕೆಲಸದಿಂದ ಬಂದವರು ಪೂಜೆಯ ಕೋಣೆಯನ್ನು ನೋಡಿ ಸ್ವಲ್ಪ ಹೊತ್ತು ಮೌನವಾಗಿದ್ದರು. ವೃತ್ತಿಯಿಂದ ಇಂಜಿನಿಯರಾದರೂ ರಜೆಯ ದಿನಗಳಲ್ಲಿ ಬೆಟ್ಟ ಹತ್ತುವ ಹವ್ಯಾಸ ಅವರದು. ಊಟವಾದ ಮೇಲೆ ಸಂಕೋಚದಿಂದಲೇ ಮಾತು ತೆಗೆದರು.

‘ಮಾವನವರೇ, ತಾವು ಅನ್ಯಥಾ ಭಾವಿಸಬಾರದು. ಇಲ್ಲಿ ಬಲ್ಲವರು ಈ ಹೂವನ್ನು ಕೀಳುವುದಿಲ್ಲ.’

‘ಏಕೆ, ವಿಷವೇ?’

‘ಅದಕ್ಕಲ್ಲ. ಈ ಗಿಡಕ್ಕೆ ವರ್ಷವಿಡೀ ಇರುವುದು ಈ ಮೂರೇ ಎಲೆ. ಹೂವಿನ ಜೊತೆಗೆ ಅವೂ ಬಂದುಬಿಟ್ಟರೆ ಅದಕ್ಕೆ ಈ ವರ್ಷ ಊಟವಿಲ್ಲ.’

ನಾವು ತಟ್ಟೆಯಲ್ಲಿದ್ದ ಹೂವನ್ನು ಮತ್ತೆ ನೋಡಿದೆವು. ದಂಟಿನ ಮೇಲೆ ಇನ್ನೊಂದು ಎಲೆಯ ಗುರುತಿರಲಿಲ್ಲ. ಕಣಗಿಲೆಯಲ್ಲಿ ನೂರು ಹೂ ಕಿತ್ತರೂ ಗಿಡಕ್ಕೆ ಸಾವಿರ ಎಲೆ ಉಳಿಯುತ್ತದೆ. ಇಲ್ಲಿ ಗಿಡದ ಪಾಲೆಂದು ನಾವು ಬಿಟ್ಟು ಬಂದದ್ದು ಬೇರೆ ಗಿಡಗಳನ್ನು. ಕಿತ್ತ ಆ ಮೂರಕ್ಕೆ ಏನನ್ನೂ ಬಿಟ್ಟಿರಲಿಲ್ಲ.

ಈ ಹೂವಿನ ಕುಲಕ್ಕೆ ಟ್ರಿಲಿಯಮ್ ಎಂದು ಹೆಸರು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ೧೭೫೩ರಲ್ಲಿ ಇಟ್ಟ ಹೆಸರಿದು. ಮೂರು ಎಂಬ ಸಂಖ್ಯೆಯೇ ಅದರ ಮೂಲ. ಎಲೆ ಮೂರು, ಹೊರದಳ ಮೂರು, ಒಳದಳ ಮೂರು, ಕೇಸರಗಳು ಮೂರರ ಎರಡು ಸುತ್ತು, ಅಂಡಾಶಯದ ನೆತ್ತಿಯಲ್ಲಿ ಶಲಾಕೆಯೂ ಮೂರು ಕವಲು. ಬಿಲ್ವದ ಪತ್ರೆಗೂ ಇದಕ್ಕೂ ಸಸ್ಯಶಾಸ್ತ್ರದ ಪ್ರಕಾರ ಯಾವ ನಂಟೂ ಇಲ್ಲ. ಬಿಲ್ವದ್ದು ಮೂರಾಗಿ ಸೀಳಿದ ಒಂದೇ ಎಲೆ, ಇದರದು ಬೇರೆಬೇರೆಯಾದ ಮೂರು. ಶಾಸ್ತ್ರಜ್ಞರು ಇನ್ನೂ ಸೂಕ್ಷ್ಮಕ್ಕೆ ಹೋಗಿ, ಇವು ಎಲೆಗಳೇ ಅಲ್ಲ, ಹೂವಿನ ಅಡಿಯಲ್ಲಿ ಬರುವ ಪುಷ್ಪಪತ್ರಗಳು, ನಿಜವಾದ ಎಲೆಗಳು ನೆಲದೊಳಗಿನ ಗೆಡ್ಡೆಯ ಮೇಲೆ ಪೊರೆಯಂತೆ ಇರುತ್ತವೆ ಎನ್ನುತ್ತಾರೆ. ಬಿಸಿಲುಂಡು ಗಿಡಕ್ಕೆ ಅನ್ನ ಮಾಡಿಕೊಡುವುದು ಇವೇ ಆದ್ದರಿಂದ ನಾವು ಎಲೆ ಎಂದೇ ಕರೆಯುವೆವು. ಈ ಕುಲದಲ್ಲಿ ನಲವತ್ತಕ್ಕೂ ಮಿಕ್ಕಿದ ಪ್ರಭೇದಗಳುಂಟು. ಬಹುಪಾಲು ಉತ್ತರ ಅಮೆರಿಕದ ಪೂರ್ವಭಾಗದವು; ಕೆಲವು ಅದೇ ಖಂಡದ ಪಶ್ಚಿಮದಲ್ಲಿ, ಇನ್ನು ಕೆಲವು ಜಪಾನ್, ಕೊರಿಯ, ಚೀನಾಗಳ ಕಡೆ, ನಮ್ಮ ಹಿಮಾಲಯದಲ್ಲಿಯೂ ಉಂಟು. ಅಲ್ಲಿಯ ಒಂದರ ವಿಷಯಕ್ಕೆ ಆಮೇಲೆ ಬರುವೆವು.

ಅಳಿಯಂದಿರು ಹೇಳಿದುದರಲ್ಲಿ ನಮ್ಮ ಎದೆಗೆ ನಾಟಿದ್ದು ಈ ಗಿಡದ ಬಾಳಿನ ನಿಧಾನಗತಿ. ಬಿಳಿಯ ದೊಡ್ಡ ಹೂವಿನ ಪ್ರಭೇದವನ್ನೇ ತೆಗೆದುಕೊಂಡರೆ, ನೆಲಕ್ಕೆ ಬಿದ್ದ ಬೀಜವು ಮೊದಲ ಚಳಿಗಾಲ ಕಳೆದ ಮೇಲೆ ಬೇರು ಬಿಡುತ್ತದೆ, ಅಷ್ಟೇ. ಮಣ್ಣಿನ ಮೇಲೆ ಏನೂ ಕಾಣದು. ಇನ್ನೊಂದು ಚಳಿಗಾಲ ಕಳೆಯಬೇಕು. ಆಗ ಬೀಜದೆಲೆ ಹೊರಗೆ ಬರುತ್ತದೆ. ಅದರ ಮುಂದಿನ ಕೆಲವು ವರ್ಷಗಳು ವರ್ಷಕ್ಕೆ ಒಂದೇ ಎಲೆ. ನೆಲದಡಿಯ ಗೆಡ್ಡೆ ಸಾಕಷ್ಟು ಬಲಿತ ಮೇಲೆ ಮೂರು ಎಲೆ. ಅದಾದ ಮೇಲೂ ಹೂವಿಗೆ ಕಾಯಬೇಕು. ಬೀಜ ಮೊಳೆತು ಮೊದಲ ಹೂ ಅರಳುವುದಕ್ಕೆ ಏಳರಿಂದ ಹತ್ತು ವರ್ಷ ಹಿಡಿಯುತ್ತದೆ. ಆಮೇಲೆ ಕಾಡು ಕೆಡದಿದ್ದರೆ ಹಲವು ದಶಕ ಬದುಕುತ್ತದೆ. ಇದನ್ನೆಲ್ಲ ಕೇಳುತ್ತ ಕುಳಿತಿದ್ದ ಮೊಮ್ಮಗಳು, ‘ಅಜ್ಜಾ, ಹಾಗಾದರೆ ನೀವು ಕಿತ್ತ ಹೂವು ನನಗಿಂತ ದೊಡ್ಡದಾ?’ ಎಂದಳು. ನಾವು ಉತ್ತರ ಕೊಡಲಿಲ್ಲ. ಮರುದಿನ ಅವಳು ಇಳಿಜಾರಿಗೆ ಹೋಗಿ, ತುದಿ ಕಳೆದುಕೊಂಡ ಆ ಮೂರು ಮೋಟು ದಂಟುಗಳನ್ನು ಹುಡುಕಿ, ಒಂದೊಂದರ ಪಕ್ಕಕ್ಕೂ ಒಂದೊಂದು ಬಿಳಿಗಲ್ಲು ಇಟ್ಟು ಬಂದಳು.

ಆ ತಿಂಗಳ ಮೂರನೆಯ ಶನಿವಾರ ಅಳಿಯಂದಿರು ನಮ್ಮನ್ನು ಗ್ರೇಟ್ ಸ್ಮೋಕಿ ಬೆಟ್ಟಗಳಿಗೆ ಕರೆದೊಯ್ದರು. ಟೆನೆಸ್ಸೀ, ಉತ್ತರ ಕ್ಯಾರೊಲಿನಾ ರಾಜ್ಯಗಳ ಗಡಿಯ ಮೇಲೆ ಮಲಗಿರುವ ಈ ಗಿರಿಶ್ರೇಣಿಯು ರಾಷ್ಟ್ರೀಯ ಉದ್ಯಾನವಾಗಿದೆ. ಐದು ಲಕ್ಷ ಎಕರೆಗೂ ಮಿಕ್ಕ ವಿಸ್ತಾರ. ಹೂಬಿಡುವ ಸಸ್ಯಗಳೇ ಸಾವಿರದ ಐನೂರಕ್ಕೂ ಹೆಚ್ಚು ಬಗೆ. ಟ್ರಿಲಿಯಮ್ ಒಂದರಲ್ಲಿಯೇ ಹತ್ತರಷ್ಟು ಪ್ರಭೇದಗಳು. ವರ್ಷಕ್ಕೆ ಒಂದು ಕೋಟಿಗೂ ಮಿಗಿಲಾದ ಭೇಟಿಗಳು ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಪ್ರವೇಶಕ್ಕೆ ಶುಲ್ಕವಿಲ್ಲ, ವಾಹನ ನಿಲ್ಲಿಸುವುದಕ್ಕೆ ಮಾತ್ರ ೨೦೨೩ರಿಂದ ಚೀಟಿ ಪಡೆಯಬೇಕಾಗಿದೆ. ದೂರದಿಂದ ನೋಡಿದಾಗ ಒಂದರ ಹಿಂದೊಂದು ಬೆಟ್ಟದ ಸಾಲು, ಸಾಲುಸಾಲಿನ ನಡುವೆ ನೀಲಿಯ ಹೊಗೆಯಂತೆ ಮಂಜು. ಆ ಹೊಗೆಯಿಂದಲೇ ಬೆಟ್ಟಕ್ಕೆ ಹೆಸರು ಬಂದಿದೆ. ನಮಗೆ ಬಾಬಾಬುಡನ್‌ಗಿರಿಯ ಮಳೆಗಾಲದ ಬೆಳಗು ನೆನಪಾಯಿತು.

ಇಲ್ಲಿ ಒಂದು ಸಂಗತಿ ನಮಗೆ ಬಹಳ ಹಿಡಿಸಿತು. ಪ್ರತಿ ವಸಂತದಲ್ಲಿ ಗ್ಯಾಟ್ಲಿನ್‌ಬರ್ಗ್ ಊರನ್ನು ಕೇಂದ್ರವಾಗಿಟ್ಟುಕೊಂಡು, ಸಸ್ಯಶಾಸ್ತ್ರ ಬಲ್ಲವರ ಜೊತೆಗೆ ಜನರು ಗುಂಪುಗುಂಪಾಗಿ ಕಾಡಿನ ಹೂಗಳನ್ನು ನೋಡಲು ನಡೆದು ಹೋಗುವ ಒಂದು ಕಾರ್ಯಕ್ರಮವಿದೆ. ೧೯೫೧ರಲ್ಲಿ ಆರಂಭವಾದ ಇದಕ್ಕೆ ಅವರು ಇಟ್ಟಿರುವ ಹೆಸರು ‘ಪಿಲ್ಗ್ರಿಮೇಜ್’, ಎಂದರೆ ಯಾತ್ರೆ. ಹೂವನ್ನು ದೇವರಲ್ಲಿಗೆ ಕೊಂಡೊಯ್ಯುವ ಯಾತ್ರೆಯನ್ನು ನಾವು ಬಲ್ಲೆವು; ಹೂವಿದ್ದಲ್ಲಿಗೇ ಹೋಗಿ, ನೋಡಿ, ಬರಿಗೈಯಲ್ಲಿ ಮರಳುವ ಯಾತ್ರೆ ನಮಗೆ ಹೊಸತು. ಉದ್ಯಾನದೊಳಗೆ ಹೂವನ್ನಾಗಲಿ ಗಿಡವನ್ನಾಗಲಿ ಕೀಳುವುದು ಕಾನೂನಿನ ಪ್ರಕಾರ ಅಪರಾಧವೂ ಹೌದು.

ಗ್ರೀನ್‌ಬ್ರೈಯರ್ ಎಂಬ ಕಣಿವೆಯಲ್ಲಿ ಕಾರನ್ನು ನಿಲ್ಲಿಸಿ, ಪೋರ್ಟರ್ಸ್ ಕ್ರೀಕ್ ಎಂಬ ಹಳ್ಳದ ದಂಡೆಯ ಕಾಲುಹಾದಿಯನ್ನು ಹಿಡಿದೆವು. ಬಂಡೆಗಳ ಮೇಲೆ ಬಿದ್ದೆದ್ದು ಓಡುವ ತಿಳಿನೀರು. ಆಕಾಶಕ್ಕೆ ಕಂಬ ನೆಟ್ಟಂತಿರುವ ಟ್ಯುಲಿಪ್ ಮರಗಳು. ಇವು ನಮ್ಮ ಸಂಪಿಗೆಯ ಕುಟುಂಬಕ್ಕೇ ಸೇರಿದವು ಎಂದು ತಿಳಿದಾಗ ಪರದೇಶದಲ್ಲಿ ನೆಂಟರನ್ನು ಕಂಡಂತಾಯಿತು. ಜೊತೆಗೆ ಮೇಪಲ್, ಬೀಚ್ ಮರಗಳು. ಎಲ್ಲದರ ಮೇಲೂ ಎಲೆಗಳು ಇನ್ನೂ ಇಲಿಯ ಕಿವಿಯಷ್ಟು. ಬಿಸಿಲು ತಡೆಯಿಲ್ಲದೆ ನೆಲವನ್ನು ಮುಟ್ಟುತ್ತಿತ್ತು.

ಈ ಕಾಡಿನ ಹೂಗಳ ಗುಟ್ಟೆಲ್ಲ ಆ ಬಿಸಿಲಿನಲ್ಲಿದೆ. ಚಳಿಗಾಲದ ಹಿಮ ಕರಗಿದ ಮೇಲೆ, ಮರಗಳು ಎಲೆ ತುಂಬಿಕೊಳ್ಳುವ ಮೊದಲು, ಕೆಲವೇ ವಾರಗಳ ಅವಧಿಯಲ್ಲಿ ನೆಲದ ಮೇಲಿನ ಗಿಡಗಳಿಗೆ ಪೂರ್ಣ ಬೆಳಕು ದೊರೆಯುತ್ತದೆ. ಮೇ ನಡುಹೊತ್ತಿಗೆ ಮೇಲಿನ ಚಪ್ಪರ ಮುಚ್ಚಿಕೊಂಡರೆ ಆಮೇಲೆ ಶರತ್ಕಾಲದವರೆಗೂ ಕತ್ತಲೆ. ಆದಕಾರಣ ಟ್ರಿಲಿಯಮ್ ಹಿಂದಿನ ವರ್ಷವೇ ಗೆಡ್ಡೆಯಲ್ಲಿ ಮೊಗ್ಗನ್ನು ಸಿದ್ಧಮಾಡಿಟ್ಟುಕೊಂಡು ಕಾದಿರುತ್ತದೆ. ಮಣ್ಣು ಬೆಚ್ಚಗಾದೊಡನೆ ಎಲೆ ಹೂಗಳನ್ನು ಒಟ್ಟಿಗೇ ಎತ್ತಿ ಹಿಡಿಯುತ್ತದೆ. ಬೆಳಕಿರುವಾಗಲೇ ಮುಂದಿನ ವರ್ಷದ ಬುತ್ತಿಯನ್ನೂ ಕಟ್ಟಿಕೊಳ್ಳಬೇಕು. ನಮ್ಮ ಮಲೆನಾಡಿನ ಕಾಡುಗಳಲ್ಲಿ ನೆಲಸಂಪಿಗೆಯು ಎಲೆ ಬರುವ ಮುನ್ನವೇ ಬರಿನೆಲದಿಂದ ಹೂವೆತ್ತುವುದನ್ನು ಕಂಡವರಿಗೆ ಇಂಥ ಅವಸರ ಹೊಸದೇನಲ್ಲ. ಅಲ್ಲಿ ಕಾಯುವುದು ಮಳೆಗಾಗಿ, ಇಲ್ಲಿ ಬಿಸಿಲಿಗಾಗಿ.

ಮೊದಲ ಒಂದು ಮೈಲಿ ಹಾದಿಯ ಇಕ್ಕೆಲದಲ್ಲಿಯೂ ಕಾಡಿನೊಳಗೆ ಕಲ್ಲಿನ ಗೋಡೆಗಳು ಕಂಡವು. ಪಾಚಿ ಹಿಡಿದ ಮೆಟ್ಟಿಲುಗಳು ಮೇಲೇರಿ ಎಲ್ಲಿಗೂ ತಲುಪದೆ ನಿಂತಿದ್ದವು. ಅಲ್ಲಲ್ಲಿ ಹೂವಾಡಿ ಮುಗಿದ ಡ್ಯಾಫೊಡಿಲ್ ಗಿಡಗಳ ಪೊದೆ. ಡ್ಯಾಫೊಡಿಲ್ ಕಾಡಿನ ಹೂವಲ್ಲ, ಮನೆಯಂಗಳದ ಹೂವು. ಅದು ಇರುವೆಡೆಯಲ್ಲಿ ಹಿಂದೆ ಯಾರದೋ ಹೊಸಿಲು ಇತ್ತೆಂದು ತಿಳಿಯಬೇಕು. ಈ ಉದ್ಯಾನ ಬರಿಯ ಕಾಡಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮರದ ಕಂಪನಿಗಳು ಈ ಬೆಟ್ಟಗಳ ಬಹುಭಾಗವನ್ನು ಕಡಿದು ಬರಿದುಮಾಡಿದ್ದವು. ಕಣಿವೆಗಳಲ್ಲಿ ರೈತರ ಮನೆಗಳಿದ್ದವು, ಇಗರ್ಜಿ, ಶಾಲೆಗಳಿದ್ದವು. ಉದ್ಯಾನಕ್ಕಾಗಿ ನೆಲವನ್ನು ಕೊಳ್ಳಲು ಎರಡೂ ರಾಜ್ಯಗಳು ಹಣ ಕೂಡಿಸಿದವು, ಶಾಲಾಮಕ್ಕಳು ಚಿಲ್ಲರೆ ಕಾಸುಗಳನ್ನು ಕೊಟ್ಟರು, ಜಾನ್ ಡಿ. ರಾಕ್‌ಫೆಲ್ಲರ್ ಕಿರಿಯರು ತಮ್ಮ ತಾಯಿಯ ಸ್ಮರಣಾರ್ಥವಾಗಿ ಐವತ್ತು ಲಕ್ಷ ಡಾಲರ್ ಕೊಡಿಸಿದರು. ೧೯೩೪ರಲ್ಲಿ ಉದ್ಯಾನ ಸ್ಥಾಪನೆಯಾಗಿ, ೧೯೪೦ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರು ಬಂದು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ರೈತರು ಮನೆ ಬಿಟ್ಟು ಇಳಿದು ಹೋದರು. ಅವರಿಗೂ ಮೊದಲು ಇದು ಚೆರೋಕಿ ಜನರ ನೆಲ. ೧೮೩೮ರಲ್ಲಿ ಸೈನ್ಯವು ಅವರಲ್ಲಿ ಬಹುಮಂದಿಯನ್ನು ಇಂದಿನ ಓಕ್ಲಹೋಮಾ ಕಡೆಗೆ ಅಟ್ಟಿತು; ದಾರಿಯಲ್ಲಿ ಸತ್ತವರು ಸಾವಿರಾರು. ಬೆಟ್ಟಗಳಲ್ಲಿ ಉಳಿದುಕೊಂಡವರ ಸಂತತಿ ಇಂದಿಗೂ ಉದ್ಯಾನದ ದಕ್ಷಿಣದ ಅಂಚಿನಲ್ಲಿದೆ. ಉದ್ಯಾನದ ಅತ್ಯುನ್ನತ ಶಿಖರಕ್ಕೆ ಬಹುಕಾಲ ಕ್ಲಿಂಗ್‌ಮನ್ಸ್ ಡೋಮ್ ಎಂಬ ಹೆಸರಿತ್ತು. ನಾವು ಊರಿಗೆ ಮರಳಿದ ಮೇಲೆ, ೨೦೨೪ರ ಸೆಪ್ಟೆಂಬರಿನಲ್ಲಿ, ಚೆರೋಕಿಗಳ ಹಳೆಯ ಹೆಸರಾದ ಕುವೋಹಿ ಎಂಬುದನ್ನೇ ಅದಕ್ಕೆ ಮರಳಿ ಕೊಟ್ಟರೆಂದು ಓದಿ ಸಂತೋಷವಾಯಿತು.

ಹೊಲವಾಗಿದ್ದ ಕಡೆಗಳಲ್ಲಿ ಮರಗಳು ಎದ್ದಿದ್ದರೂ ನೆಲದ ಹೂಗಳು ವಿರಳ. ಹಾದಿ ಮೇಲೇರಿದಂತೆ ಅವು ಹೆಚ್ಚಿದವು. ಮೊದಲು ಕಂಡದ್ದು ಹಳದಿಯ ಟ್ರಿಲಿಯಮ್. ಮನೆಯ ಹಿಂದಿನ ಕೆಂಗಂದು ಹೂವಿನಂತೆಯೇ ಇದಕ್ಕೂ ತೊಟ್ಟಿಲ್ಲ, ಎಲೆಗೆ ಮಚ್ಚೆಯುಂಟು. ಮೊಮ್ಮಗಳ ಮಾತಿಗೆ ಒಪ್ಪಿ ಮೊಣಕಾಲೂರಿ ಮೂಸಿದರೆ, ಆಗತಾನೆ ಹಿಂಡಿದ ನಿಂಬೆಹಣ್ಣಿನ ವಾಸನೆ! ಇನ್ನೊಂದು ಬಗೆಯದು ತೊಟ್ಟಿನ ಮೇಲೆ ನಿಂತ ಕಡುಗೆಂಪು ಹೂವು. ಅದರದು ಕೊಳೆತ ಮಾಂಸದ ನಾತ. ನೊಣಗಳನ್ನು ಕರೆದು ಪರಾಗದ ಕೆಲಸ ಮಾಡಿಸಿಕೊಳ್ಳುವ ಉಪಾಯವಂತೆ. ಹಳ್ಳಿಗರು ಇದಕ್ಕೆ ನಾತದ ಬೆಂಜಮಿನ್ ಎಂದು ಅಡ್ಡಹೆಸರು ಇಟ್ಟಿದ್ದಾರೆ. ಈ ಹೂವಿನ ಬೇರನ್ನು ಹಿಂದೆ ಮೂಲನಿವಾಸಿಗಳ ಸೂಲಗಿತ್ತಿಯರು ಹೆರಿಗೆಯ ಹೊತ್ತಿನಲ್ಲಿ ಬಳಸುತ್ತಿದ್ದುದರಿಂದ ಹೆರಿಗೆಬೇರು ಎಂಬರ್ಥದ ಹೆಸರೂ ಇದೆ. ಹೂವನ್ನು ಎಲೆಗಳ ಕೆಳಗೆ ಅಡಗಿಸಿ ತಲೆಬಾಗಿ ನಿಲ್ಲುವ ಬಗೆಗಳೂ ಈ ಕುಲದಲ್ಲಿವೆ. ಹಾದಿಯ ಮೇಲ್ಭಾಗದ ಇಳಿಜಾರಿನಲ್ಲಿ ಬಿಳಿಯ ದೊಡ್ಡ ಹೂವಿನ ಟ್ರಿಲಿಯಮ್‌ಗಳು ಸಾಲುಗಟ್ಟಿ ನಿಂತಿದ್ದವು. ಅಂಗೈಯಗಲದ ಅಚ್ಚಬಿಳಿಯ ದಳಗಳು. ಹಳತಾದವು ಬಾಡುವ ಮೊದಲು ನಸುಗುಲಾಬಿಗೆ ತಿರುಗಿದ್ದವು. ಗಾಳಿ ಬಂದಾಗ ಇಡೀ ಬೆಟ್ಟದ ಪಕ್ಕೆ ಒಮ್ಮೆ ತಲೆಯಲ್ಲಾಡಿಸಿದಂತೆ ತೋರಿತು. ನಾವು ಬಹಳ ಹೊತ್ತು ಒಂದು ಬಂಡೆಯ ಮೇಲೆ ಕುಳಿತೆವು. ನಮ್ಮ ಮನೆಯವರು, ‘ಇಷ್ಟು ಹೂವಿದ್ದೂ ಒಂದನ್ನೂ ಮುಡಿಯದೆ ಹೋಗುವುದು ಇದೇ ಮೊದಲು’ ಎಂದರು.

ಅಲ್ಲಿಯೇ ಹಾದಿಯಂಚಿನಲ್ಲಿ, ಎಪ್ಪತ್ತು ದಾಟಿದ ಒಬ್ಬ ಅಮೆರಿಕನ್ ಮಹಿಳೆ ಭೂತಗನ್ನಡಿ ಹಿಡಿದು ನೆಲಕ್ಕೆ ಮುಖವಿಟ್ಟು ನೋಡುತ್ತಿದ್ದರು. ಆಕೆ ವರ್ಷವರ್ಷವೂ ಬರುವವರಂತೆ. ಮೊಮ್ಮಗಳನ್ನು ಹತ್ತಿರಕ್ಕೆ ಕರೆದು, ದೊಡ್ಡ ಹೂವನ್ನು ಬಿಟ್ಟು ಅದರ ಬುಡದ ಸುತ್ತ ತೋರಿಸಿದರು. ತರಗೆಲೆಗಳ ನಡುವೆ ಹೆಬ್ಬೆರಳಿನ ಉಗುರಗಲದ ಒಂಟಿ ಎಲೆಗಳು ಅಲ್ಲಲ್ಲಿ ನಿಂತಿದ್ದವು. ಇವು ಮೂರು ವರ್ಷದ್ದೋ ನಾಲ್ಕು ವರ್ಷದ್ದೋ ಆದ ಮಕ್ಕಳು ಎಂದರು. ಫೋಟೋ ತೆಗೆಯುವ ಆತುರದಲ್ಲಿ ಹಾದಿ ಬಿಟ್ಟು ಒಂದು ಹೆಜ್ಜೆ ಇಟ್ಟರೂ ಹತ್ತು ಹದಿನೈದು ಇಂಥವು ಕಾಲಡಿಗೆ ಹೋಗುತ್ತವೆ. ನಾವು ನಮ್ಮ ಕಾಲನ್ನು ನೋಡಿಕೊಂಡೆವು. ಪುಣ್ಯಕ್ಕೆ ಹಾದಿಯ ಮೇಲೆಯೇ ಇತ್ತು.

ಬೀಜ ಹರಡುವ ಕೆಲಸದಲ್ಲಿ ಇರುವೆಗಳ ಪಾತ್ರವನ್ನು ವಿವರಿಸಿದವರೂ ಆಕೆಯೇ. ಬೇಸಿಗೆಯ ಕೊನೆಗೆ ಕಾಯಿ ಒಡೆದಾಗ ಪ್ರತಿಯೊಂದು ಬೀಜದ ಮೈಗೂ ಎಣ್ಣೆಯ ಅಂಶವುಳ್ಳ ಚಿಕ್ಕದೊಂದು ತಿನಿಸು ಅಂಟಿಕೊಂಡಿರುತ್ತದೆ. ಇರುವೆಗಳು ಅದಕ್ಕಾಗಿ ಬೀಜವನ್ನೇ ಗೂಡಿಗೆ ಹೊತ್ತೊಯ್ದು, ತಿನಿಸನ್ನು ಮರಿಗಳಿಗೆ ಉಣಿಸಿ, ಬೀಜವನ್ನು ಗೂಡಿನ ಕಸದ ಗುಂಡಿಗೆ ಹಾಕುತ್ತವೆ. ಆ ಕಸವೇ ಬೀಜಕ್ಕೆ ಗೊಬ್ಬರ. ಆದರೆ ಇರುವೆಯ ನಡಿಗೆ ಎಷ್ಟು ದೂರ? ಒಂದೆರಡು ಮಾರು, ಹೆಚ್ಚೆಂದರೆ ಕೆಲವು ಮಾರು. ಜಿಂಕೆಗಳು ಕಾಯಿ ತಿಂದು ಕೆಲವು ಬೀಜಗಳನ್ನು ದೂರಕ್ಕೆ ಒಯ್ಯುವುದುಂಟಾದರೂ ನೆಚ್ಚಿಕೆಯ ವಾಹನ ಇರುವೆಯೇ. ಆದುದರಿಂದ ಒಮ್ಮೆ ಹೊಲವಾದ ನೆಲಕ್ಕೆ ಮರಗಳು ಎಂಬತ್ತು ವರ್ಷಗಳಲ್ಲಿ ಮರಳಿ ಬಂದರೂ ಟ್ರಿಲಿಯಮ್ ಬರುವುದಿಲ್ಲ. ಅದು ಇನ್ನೂ ದಾರಿಯಲ್ಲಿಯೇ ಇದೆ. ಕೆಳಗಿನ ಕಲ್ಲುಗೋಡೆಗಳ ಬಳಿ ಹೂಗಳು ವಿರಳವಾಗಿದ್ದ ಕಾರಣ ಆಗ ನಮಗೆ ತಿಳಿಯಿತು.

ಮೇ ತಿಂಗಳ ಎರಡನೆಯ ವಾರದಲ್ಲಿ ಇನ್ನೊಮ್ಮೆ ಬೆಟ್ಟಕ್ಕೆ ಹೋದೆವು. ಕೆಳಗಿನ ಕಣಿವೆಯಲ್ಲಿ ಚಪ್ಪರ ಮುಚ್ಚಿ ಹಸುರು ಕತ್ತಲೆ ಕವಿದಿತ್ತು. ಮೇಲೆ, ೬,೬೪೩ ಅಡಿ ಎತ್ತರದ ಶಿಖರಕ್ಕೆ ಏರುವ ದಾರಿಯಲ್ಲಿ ಮಾತ್ರ ವಸಂತವು ಆಗತಾನೆ ತಲುಪಿತ್ತು. ಅಲ್ಲಿ ಸ್ಪ್ರೂಸ್ ಮರಗಳ ಅಡಿಯಲ್ಲಿ, ಬಿಳಿಯ ದಳದ ಬುಡಕ್ಕೆ ಕುಂಕುಮದ ಗೀರೆಳೆದಂತಿರುವ ಚಿತ್ರಿತ ಟ್ರಿಲಿಯಮ್ ಕಂಡೆವು. ಕಂಡದ್ದು ಎರಡೇ ಎರಡು. ಸುತ್ತ ಹೊರದೇಶದಿಂದ ಬಂದ ಕೀಟದ ಬಾಧೆಯಿಂದ ಒಣಗಿದ ಫರ್ ಮರಗಳ ಬಿಳಿಯ ಅಸ್ಥಿಗಳು ನಿಂತಿದ್ದವು.

ಈ ಹೂವಿಗೆ ಶತ್ರುಗಳು ಕಡಿಮೆಯಲ್ಲ. ಜಿಂಕೆಗಳಿಗೆ ಇದು ಬಹು ಪ್ರಿಯವಾದ ಮೇವು. ಬೇಟೆಯಾಡುವ ಮೃಗಗಳಿಲ್ಲದೆ ಅವು ಮಿತಿಮೀರಿದ ಕಾಡುಗಳಲ್ಲಿ ಟ್ರಿಲಿಯಮ್‌ಗಳು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತ ಹೂವನ್ನೇ ಮರೆಯುತ್ತವೆ. ಬೇಟೆಗಾರರು ಹಿಂದೆ ತಂದುಬಿಟ್ಟ ಯೂರೋಪಿನ ಕಾಡುಹಂದಿಗಳು ಈ ಬೆಟ್ಟಗಳ ನೆಲವನ್ನು ನೇಗಿಲು ಹೊಡೆದಂತೆ ಉಳುತ್ತವೆ. ತೋಟದ ಹುಚ್ಚಿನವರಿಗೆ ಮಾರಲು ಕಾಡಿನಿಂದ ಗೆಡ್ಡೆ ಅಗೆದು ತರುವವರೂ ಇದ್ದಾರೆ. ಬೀಜದಿಂದ ಬೆಳೆಸಲು ಏಳೆಂಟು ವರ್ಷ ಕಾಯುವ ವ್ಯಾಪಾರಿ ಎಲ್ಲಿ ಸಿಗಬೇಕು? ಕೆನಡಾದ ಒಂಟಾರಿಯೋ ಪ್ರಾಂತವು ಬಿಳಿಯ ಟ್ರಿಲಿಯಮ್ಮನ್ನು ೧೯೩೭ರಲ್ಲಿ ತನ್ನ ಲಾಂಛನವಾಗಿ ಸ್ವೀಕರಿಸಿತು. ಟೊರಾಂಟೊದಲ್ಲಿರುವ ನಮ್ಮ ಬಂಧುಗಳೊಬ್ಬರು, ಅಲ್ಲಿ ಇದನ್ನು ಕಿತ್ತರೆ ದಂಡ ತೆರಬೇಕೆಂದು ಶಾಲೆಯ ಮಕ್ಕಳೆಲ್ಲ ನಂಬಿದ್ದಾರೆಂದು ಹೇಳಿದರು. ವಿಚಾರಿಸಿದರೆ, ಸಂರಕ್ಷಿತ ಉದ್ಯಾನಗಳ ಹೊರಗೆ ಅಂಥ ಸಾಮಾನ್ಯ ಕಾನೂನು ಇಲ್ಲವೇ ಇಲ್ಲ. ಇಲ್ಲದ ಕಾನೂನಿಗೆ ಮೂರು ತಲೆಮಾರು ವಿಧೇಯವಾಗಿರುವುದನ್ನು ನಾವು ಬೇರೆಲ್ಲಿಯೂ ಕೇಳಿಲ್ಲ.

ಇನ್ನು ಹಿಮಾಲಯದ ಮಾತು. ಕಾಶ್ಮೀರ, ಹಿಮಾಚಲ, ಗಢವಾಲಗಳ ಎತ್ತರದ ಕಾಡುಗಳಲ್ಲಿ, ಸುಮಾರು ಎರಡೂವರೆ ಸಾವಿರ ಮೀಟರಿನಿಂದ ಮೇಲಕ್ಕೆ, ಇದೇ ಕುಲದ ಗಿಡವೊಂದು ಬೆಳೆಯುತ್ತದೆ. ಎಲೆ ಅದೇ ಮೂರು. ದಳಗಳು ಮಾತ್ರ ಕಿರಿದಾಗಿ, ನೇರಳೆ ಮಿಶ್ರಿತ ಹಸುರು. ಹಿಮಾಚಲದವರು ಇದನ್ನು ನಾಗಛತ್ರಿ ಎನ್ನುತ್ತಾರೆ. ಔಷಧಿಯ ವ್ಯಾಪಾರಕ್ಕಾಗಿ ಇದರ ಗೆಡ್ಡೆಗೆ ಬೆಲೆ ಬಂದ ಮೇಲೆ ಬೆಟ್ಟದ ಬಡಜನರು ಬುಟ್ಟಿಗಟ್ಟಲೆ ಅಗೆದರು, ಕಳ್ಳಸಾಗಣೆ ನಡೆಯಿತು, ಈಗ ಅದನ್ನು ಅಳಿವಿನಂಚಿನ ಸಸ್ಯವೆಂದು ಪಟ್ಟಿಮಾಡಿದ್ದಾರೆ. ಅಮೆರಿಕದಲ್ಲಿ ಹೂವಿಗಾಗಿ ಎಲೆ ಹೋಗುತ್ತದೆ, ನಮ್ಮಲ್ಲಿ ಬೇರಿಗಾಗಿ ಗಿಡವೇ ಹೋಗುತ್ತದೆ. ಅಗೆಯುವವನ ಕೈಗೆ ಬರುವ ನಾಲ್ಕು ಕಾಸನ್ನು ನೆನೆದರೆ ಅವನನ್ನು ದೂರಲೂ ಬಾಯಿ ಬಾರದು.

ಕೇದಾರದ ರಾವಲರು ಪರಂಪರೆಯಿಂದ ಕನ್ನಡನಾಡಿನ ಕಡೆಯ ವೀರಶೈವ ಜಂಗಮರಾದ್ದರಿಂದ ನಮ್ಮವರಿಗೆ ಆ ಕ್ಷೇತ್ರದ ಮೇಲೆ ವಿಶೇಷ ಮಮತೆ. ಇಪ್ಪತ್ತು ವರ್ಷಗಳ ಹಿಂದೆ ವೈಶಾಖದಲ್ಲಿ ನಾವೂ ಗೌರಿಕುಂಡದಿಂದ ನಡೆದೇ ಏರಿದ್ದೆವು. ನಾಗಛತ್ರಿ ಹೂ ಬಿಡುವ ಕಾಲವೂ ಎತ್ತರವೂ ಅದೇ. ಅಂದು ದಾರಿಯ ಪಕ್ಕದ ಕಾಡಿನಲ್ಲಿ ಅದು ಇತ್ತೋ ಇಲ್ಲವೋ ನಾವು ಹೇಳಲಾರೆವು. ದೃಷ್ಟಿಯೆಲ್ಲ ಶಿಖರದ ಕಡೆಗಿತ್ತು. ಕೈಯಲ್ಲಿ ಊರಿನಿಂದ ಒಯ್ದ ಒಣಗಿದ ಬಿಲ್ವಪತ್ರೆಯ ಪೊಟ್ಟಣವಿತ್ತು.

ಯುಗಾದಿಯ ಮರುದಿನದಿಂದ ನಾವು ಆ ಇಳಿಜಾರಿನಲ್ಲಿ ಹೂ ಕೀಳಲಿಲ್ಲ. ಪೂಜೆಗೇನು ಮಾಡುವುದೆಂದು ಯೋಚಿಸುತ್ತಿದ್ದಾಗ ದಾರಿ ತೋರಿಸಿದವಳು ಮಗಳು. ‘ಅಪ್ಪಾಜಿ, ಪಾರಿಜಾತ ಒಂದಕ್ಕೆ ಬಿದ್ದದ್ದನ್ನು ಎತ್ತಬಹುದು ಅಂತ ನೀವೇ ಹೇಳುತ್ತಿದ್ದಿರಲ್ಲ. ಈ ಊರಲ್ಲಿ ಎಲ್ಲವೂ ಪಾರಿಜಾತವೇ ಆಗಲಿ’ ಎಂದಳು. ಮಠದ ಕಟ್ಟಳೆಯನ್ನು ಹೀಗೆ ಹಿಗ್ಗಿಸಬಹುದೇ ಎಂದು ನಮ್ಮಲ್ಲಿ ಎರಡು ದಿನ ತರ್ಕ ನಡೆಯಿತು. ಮೂರನೆಯ ದಿನ ಮೊಮ್ಮಗಳು ರೆಡ್‌ಬಡ್ ಮರದಡಿಯಿಂದ ಒಂದು ಬೊಗಸೆ ನಸುನೇರಳೆಯ ಹೂಗಳನ್ನು ತಂದು ಮುಂದಿಟ್ಟಳು. ತರ್ಕ ಅಲ್ಲಿಗೆ ಮುಗಿಯಿತು. ಮೇ ತಿಂಗಳಲ್ಲಿ ಟ್ಯುಲಿಪ್ ಮರಗಳು ಅರಳಿದವು. ಅಳಿಲುಗಳು ಮೇಲಿನಿಂದ ಕಡಿದು ಉದುರಿಸಿದ, ಕಿತ್ತಳೆಯ ಪಟ್ಟಿಯುಳ್ಳ ಆ ಹಸುರುಹಳದಿ ಹೂಗಳು ದಿನಕ್ಕೆ ನಾಲ್ಕಾರು ಸಿಗುತ್ತಿದ್ದವು. ಸಂಪಿಗೆಯ ನೆಂಟರೆಂದು ಅವುಗಳಿಗೆ ಒಂದು ತೂಕ ಹೆಚ್ಚಿನ ಮರ್ಯಾದೆ.

ಹೊರಡುವ ಹಿಂದಿನ ದಿನ ಇಳಿಜಾರಿಗೆ ಇಳಿದು ನೋಡಿದೆವು. ನಾವು ಬಿಟ್ಟಿದ್ದ ಗಿಡಗಳು ದಳ ಉದುರಿಸಿ ನಡುವೆ ಕ್ಷುಲ್ಲಕವೆನಿಸುವ ಕಾಯಿ ಹೊತ್ತಿದ್ದವು. ಮೋಟು ದಂಟುಗಳು ಕೊಳೆತು ಮಣ್ಣಾಗಿದ್ದವು. ಮೂರು ಬಿಳಿಗಲ್ಲುಗಳು ಮಾತ್ರ ಇದ್ದಲ್ಲೇ ಇದ್ದವು. ಗೆಡ್ಡೆಯಲ್ಲಿ ಕಸುವು ಉಳಿದಿದ್ದರೆ ಮತ್ತೆ ಬರಬಹುದು, ಇಲ್ಲದಿದ್ದರೆ ಇಲ್ಲ ಎಂದು ಅಳಿಯಂದಿರು ಹೇಳಿದರು.

ಮುಂದಿನ ವರ್ಷ, ೨೦೨೫ರ ಯುಗಾದಿ ಮಾರ್ಚ್ ೩೦ರಂದೇ ಬಂತು. ಹಬ್ಬ ಕಳೆದ ಒಂದು ವಾರಕ್ಕೆ ಮೊಮ್ಮಗಳ ಫೋಟೋಗಳು ನಮ್ಮ ಮನೆಯವರ ಮೊಬೈಲಿಗೆ ಬಂದವು. ಒಂದು ಕಲ್ಲಿನ ಪಕ್ಕದಲ್ಲಿ ಮೂರು ಎಲೆಗಳು, ಅಂಗೈಯ ಅರ್ಧದಷ್ಟು. ಇನ್ನೊಂದರ ಪಕ್ಕದಲ್ಲಿ ಅದಕ್ಕಿಂತಲೂ ಸಣ್ಣವು. ಮೂರನೆಯ ಫೋಟೋದಲ್ಲಿ ಬರಿಯ ಕಲ್ಲು ಮತ್ತು ತರಗೆಲೆ. ಕೆಳಗೆ ಅವಳ ಧ್ವನಿಯ ತುಣುಕು ಇತ್ತು: ‘ಅಜ್ಜಾ, ಎರಡು ಬಂದಿವೆ. ಹೂ ಇಲ್ಲ. ಮೂರನೇ ಕಲ್ಲು ತೆಗೆಯಲಾ, ಇರಲಾ?’

ಇರಲಿ ಎಂದು ಹೇಳಿಕಳಿಸಿದೆವು.